ಪಂಪಿನ ಅಣವೀರಪ್ಪ ಕೊಟ್ಟ ಆರು ಏಂಜಲ್

ಅದನ್ನು ಹೊಡೆದುಹಾಕು ಶಾಮಲಾ, ಆ ಎರಡನೇ ಹೆಸರನ್ನು. ಆಸ್ಕರನ್ನೂ ಏಂಜಲನ್ನೂ ಒಂದೇ ಮೀನಿನ ಟ್ಯಾಂಕಿನಲ್ಲಿ ಇಡುತ್ತಾರೇನೇ? ಆ ಪಟ್ಟೆಪಟ್ಟೆ ಝೀಬ್ರಾ ಸಿಕ್ಲಿಡ್ಡೂ ಬೇಡ, ಅದನ್ನೂ ಹೊಡೆದುಹಾಕು. ಅಜ್ಜಿಗೆ ಇದೆಲ್ಲ ಹೇಗೆ ಗೊತ್ತು ಅಂತ ಹುಬ್ಬು ಏರಿಸಬೇಡ. ನನಗೆ ಕಲಿಸಿದವನು ಒಬ್ಬನಿದ್ದ.

ನೀನು ಅಟ್ಟದಿಂದ ತಾತನ ಟ್ಯಾಂಕ್ ಇಳಿಸಿ, ಒರೆಸಿ, ಪಾರ್ಲೆಯ ನಿಮ್ಮ ಮನೆಯಿಂದ ಮೀನಿನ ಲಿಸ್ಟ್ ಮಾಡಿಕೊಂಡು ಬಂದಿದ್ದೀಯ. ಸಂತೋಷ. ಆದರೆ ನಿನ್ನೆ ಎರಡನೇ ಮಹಡಿಯ ಆಂಟಿ ಮೆಟ್ಟಿಲ ಮೇಲೆ ನಿನಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. "ಮೀನು ಬೇಕಾದ್ರೆ ಅಂಗಡಿಯಿಂದಲೇ ತಗೋ ಬೇಟಿ. ಇಲ್ಲಿ ಒಬ್ಬ ಪಂಪ್‌ವಾಲಾ ಇದ್ದ, ತುಮ್ಹಾರೆ ನಾನಾಜೀ ಕೋ ಬಹುತ್ ಫಸಾಯಾ." ಪಂಪಿನವನು ನಿನ್ನ ತಾತನಿಗೆ ಮೋಸ ಮಾಡಿದ ಅನ್ನುವ ಈ ಮಾತು ಈ ಬಿಲ್ಡಿಂಗಿನಲ್ಲಿ ಐದು ವರ್ಷದಿಂದ ಮೆಟ್ಟಿಲು ಹತ್ತಿ ಇಳಿಯುತ್ತಿದೆ. ಮೊದಲು ಹತ್ತಿಸಿದವಳು ನಾನು. ಲಿಸ್ಟ್ ತಿರುಗಿಸು. ಹಿಂದುಗಡೆ ಖಾಲಿ ಇದೆಯಲ್ಲ, ಅಲ್ಲಿ ಬರಿ.

"ಅಜ್ಜಿ, ಸ್ಲೋ ಆಗಿ ಹೇಳು. ನನ್ನ ಕನ್ನಡ ಸ್ಪೆಲಿಂಗ್ ತುಂಬಾ ಖರಾಬ್ ಇದೆ."

ಇರಲಿ. ಹೆಸರೊಂದನ್ನು ಸರಿಯಾಗಿ ಬರಿ. ಅಣವೀರಪ್ಪ.

ಬಿಜಾಪುರದ ಕಡೆಯವನು. ಎತ್ತರದ ಆಳು, ಕೊರಳಲ್ಲಿ ಲಿಂಗದ ಕರಡಿಗೆ, ತಲೆಗೆ ಯಾವಾಗಲೂ ಟವೆಲ್ಲು. ಈ ಬಿಲ್ಡಿಂಗ್ ಕಟ್ಟುವಾಗ ಸಿಮೆಂಟ್ ಕಲಸುವುದಕ್ಕೆ ಹೆಂಡತಿ ಭಾಗವ್ವನ ಜೊತೆ ಬೊಂಬಾಯಿಯ ಈ ಮುಲುಂಡ್‌ಗೆ ಬಂದನಂತೆ. ಕಟ್ಟಿ ಮುಗಿದ ಮೇಲೆ ಉಳಿದ ಆಳುಗಳು ಬೇರೆ ಕಡೆ ಹೋದರು, ಇವನು ಉಳಿದ. ಯಾವ ಗೋಡೆಯೊಳಗೆ ಯಾವ ಪೈಪ್ ಹೋಗಿದೆ ಅನ್ನುವುದು ಬಿಲ್ಡರ್‌ಗೂ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ಅದಕ್ಕೇ ಸೊಸೈಟಿಯವರು ಪಂಪ್ ಹಾಕುವ ಕೆಲಸ ಕೊಟ್ಟು, ಪಂಪ್ ರೂಮಿನಲ್ಲೇ ಇರಲು ಬಿಟ್ಟರು. ಬೆಳಿಗ್ಗೆ ಐದಕ್ಕೆ ಕಾರ್ಪೊರೇಶನ್ ನೀರು ಬರುತ್ತಿತ್ತು, ಮೇಲಿನ ಟಾಂಕಿ ತುಂಬಿಸಬೇಕು. ನಲ್ಲಿ ಸೋರಿದರೆ ವಾಷರ್ ಹಾಕಬೇಕು. ಹದಿನಾರು ಮನೆಗೂ ಅವನೊಬ್ಬನೇ.

ಆ ಪಂಪ್ ರೂಮಿನಲ್ಲಿ ಅವನು ಮೀನು ಸಾಕಿದ್ದ. ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಒಡಕು ಟ್ಯಾಂಕಿಗೆ ಡಾಂಬರು ಮೆತ್ತಿ ಶುರು ಮಾಡಿದ್ದು, ನಾನು ನೋಡುವ ಹೊತ್ತಿಗೆ ಮೂರು ಟ್ಯಾಂಕ್ ಆಗಿದ್ದವು. ಮಾಂಸ ಮುಟ್ಟದವನು ಮೀನು ಯಾಕೆ ಸಾಕುತ್ತಾನೆ? ನನಗೆ ಮೊದಲ ಅನುಮಾನ ಬಂದದ್ದೇ ಅಲ್ಲಿ. ಹುಟ್ಟು ಗುಣ ಕಣೇ ನನ್ನದು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಅಂತ ತಿಳಿದುಕೊಳ್ಳುವವಳು ನಾನು. ನಿಮ್ಮಮ್ಮನ ಮದುವೆಯಲ್ಲಿ ಬೀಗರ ಟ್ರಂಕಿನ ಬೀಗ ನಾಲ್ಕು ಸಲ ಎಳೆದು ನೋಡಿದ್ದೆ. ಅವರ ಟ್ರಂಕು, ನನ್ನದಲ್ಲ. ನಿಮ್ಮಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ನಿನ್ನ ತಾತನಿಗೆ ಸ್ಟ್ರೋಕ್ ಹೊಡೆದದ್ದು ಎಂಬತ್ತೈದರ ಕೊನೆಯಲ್ಲಿ. ಬಲಗೈ ಬಿತ್ತು, ಮಾತು ನಿಂತಿತು. ಆಫೀಸಿನಲ್ಲಿ ಇಡೀ ಸೆಕ್ಷನ್ನನ್ನು ನಡುಗಿಸಿದ ಜಯಸಿಂಹರಾಯರು ಕುರ್ಚಿಯಲ್ಲಿ ಕೂತು ಗೋಡೆ ನೋಡತೊಡಗಿದರು. ಡಾಕ್ಟರು, ಕಣ್ಣಿಗೆ ಅಲ್ಲಾಡುವ ವಸ್ತು ಏನಾದರೂ ಇಡಿ ಅಂದರು. ನಿನ್ನ ನಾಣಿ ಮಾವ ಅದೇ ಭಾನುವಾರ ಮೂರಡಿ ಟ್ಯಾಂಕ್ ಹೊರಿಸಿಕೊಂಡು ಬಂದ. ಅದರ ಜೊತೆ ಒಂದು ಆಸ್ಕರ್, ಎರಡು ಏಂಜಲ್, ಎರಡು ಝೀಬ್ರಾ. ಎಲ್ಲ ಸಿಕ್ಲಿಡ್ ಅಮ್ಮಾ, ಒಂದೇ ಜಾತಿ, ಅಂಗಡಿಯವನು ಹೊಂದಿಕೊಳ್ಳುತ್ತವೆ ಅಂದ ಅಂತ.

ವಾರದೊಳಗೆ ಟ್ಯಾಂಕ್ ಕುಸ್ತಿ ಕಣವಾಯಿತು. ಝೀಬ್ರಾಗಳು ಟ್ಯಾಂಕಿನೊಳಗೆ ಇಟ್ಟ ಮಡಕೆಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಏಂಜಲುಗಳು ಮೂಲೆ ಹಿಡಿದು ನಿಂತಿದ್ದವು, ರೆಕ್ಕೆಯೆಲ್ಲ ಹರಿದ ಬಾಳೆ ಎಲೆಯ ಹಾಗಾಗಿತ್ತು. ತಾತ ನೋಡಿ ನೋಡಿ ಮುಖ ತಿರುಗಿಸಿಬಿಡುತ್ತಿದ್ದರು.

ಅದೇ ಹೊತ್ತಿಗೆ ಅಣವೀರಪ್ಪ ಅಡುಗೆಮನೆ ನಲ್ಲಿ ರಿಪೇರಿಗೆ ಬಂದ. ಕೆಲಸ ಮುಗಿಸಿ ಹೊರಟವನು ಹಾಲ್‌ನಲ್ಲಿ ನಿಂತುಬಿಟ್ಟ. ಐದು ನಿಮಿಷ ಆಯಿತು, ಹತ್ತು ಆಯಿತು, ಕದಲಲಿಲ್ಲ. ಟ್ಯಾಂಕಿನ ಪಕ್ಕದಲ್ಲೇ ನನ್ನ ದೇವರ ಮಂಟಪ, ಅದರಲ್ಲಿ ಬೆಳ್ಳಿ ದೀಪ. ಇವನ ಕಣ್ಣು ಯಾವುದರ ಮೇಲೆ ಅಂತ ನಾನು ಅವನ ಹಿಂದೆಯೇ ನಿಂತೆ.

"ಅವ್ವಾರ, ಈ ಮೀನ ಯಾರ ಕೂಡಿಸ್ಯಾರ್ರಿ?" ಅಂದ.

"ನಮ್ಮ ನಾಣಿ. ಯಾಕಪ್ಪಾ?"

"ಇದು ಕೂಡಿಸಿದ್ದಲ್ರಿ, ಜಗಳಕ್ಕ ಹಚ್ಚಿದ್ದು."

"ಎಲ್ಲಾ ಒಂದೇ ಜಾತಿ ಅಂದನಂತಲ್ಲ ಅಂಗಡಿಯವನು?"

"ಜಾತಿ ಒಂದಾದ್ರ ಹೊಂದ್ಕೋತಾವೇನ್ರಿ? ಮೊದಲ ಬಾಯಿ ನೋಡಬೇಕ್ರಿ. ಯಾರ ಬಾಯಾಗ ಯಾರ ಹಿಡಿತಾರ ಅಂತ. ಆಮ್ಯಾಲ ಸ್ವಭಾವ. ಬಣ್ಣ ಕಡೀಕ. ಈ ಆಸ್ಕರ್ ವರ್ಷ ತುಂಬೂದ್ರಾಗ ಒಂದ್ ಫೂಟ್ ಆಕ್ಕೈತ್ರಿ, ಸಣ್ಣವನ್ನೆಲ್ಲಾ ನುಂಗತೈತಿ. ಪಟ್ಟಿಪಟ್ಟಿವು ತತ್ತಿ ಇಟ್ಟುವಂದ್ರ ಅರ್ಧಾ ಮನಿ ತಮ್ದ ಅಂತಾವು. ಏಂಜಲ್ ಪಾಪ, ಉದ್ದ ರೆಕ್ಕಿ, ಓಡಾಕ ಜಾಗಿಲ್ಲ."

ನಮ್ಮ ಮನೆಗಳಲ್ಲಿ ಗಂಡು ಹೆಣ್ಣು ನೋಡುವ ಕ್ರಮವೇ ಬೇರೆ. ಮೊದಲು ಗೋತ್ರ, ಆಮೇಲೆ ಬಣ್ಣ, ಸ್ವಭಾವ ಮದುವೆಯಾದ ಮೇಲೆ ಗೊತ್ತಾಗುವಂಥದ್ದು. ಇವನು ಅದನ್ನೆಲ್ಲ ತಲೆಕೆಳಗು ಮಾಡಿದ. ಆದರೆ ನಿನ್ನ ತಾತ ಕುರ್ಚಿಯಿಂದ ಎಡಗೈ ಎತ್ತಿ ಅವನನ್ನು ಹತ್ತಿರ ಕರೆದರು. ಅವರಾಗಿ ಯಾರನ್ನಾದರೂ ಕರೆದದ್ದು ಎರಡು ತಿಂಗಳಲ್ಲಿ ಅದೇ ಮೊದಲು.

ಆಸ್ಕರನ್ನೂ ಝೀಬ್ರಾಗಳನ್ನೂ ಅವನು ಪಂಪ್ ರೂಮಿಗೆ ಒಯ್ದ. ದೊಡ್ಡದನ್ನು, ಚೆಂದದ್ದನ್ನು ತಾನೇ ಇಟ್ಟುಕೊಂಡನಲ್ಲ ಅಂತ ನನಗೆ ಎರಡನೇ ಅನುಮಾನ. ಹರಿದ ಏಂಜಲುಗಳನ್ನೂ ಮದ್ದು ಮಾಡಬೇಕು ಅಂತ ತೆಗೆದುಕೊಂಡು ಹೋದ. ಬದಲಿಗೆ ಎಂಟಾಣೆ ಬಿಲ್ಲೆಯಷ್ಟಗಲದ ಆರು ಏಂಜಲ್ ಮರಿ ತಂದ. ಗಾಜಿನ ಪಾಚಿ ತಿನ್ನುವುದಕ್ಕೆ ನಾಲ್ಕು ಬಸವನ ಹುಳು.

"ಮೊದಲನೇ ಸಲದವ್ರಿಗೆ ಇಷ್ಟ ಸಾಕ್ರಿ. ಆರೂ ಒಂದ ವಾರಿಗಿವು, ಒಂದ ವಯಸ್ಸಿನವು, ಒಂದ ದಿನ ಬಿಡೂನು. ಮೊದಲ ಬಂದವ ಯಜಮಾನ, ಹಿಂದ ಬಂದವ ಆಳು ಅನ್ನೂದು ಇರೂದಿಲ್ಲ. ಬೆಳದ ಮ್ಯಾಲ ತಾವ ಒಂದ ಜೋಡಿ ಆರಿಸ್ಕೋತಾವು. ಆ ಜೋಡಿ ಸಾಹೇಬರಿಗೆ. ಉಳಿದ ನಾಕು ನನಗ ವಾಪಸ್ ಕೊಡ್ರಿ."

ವಾಪಸ್! ನನ್ನ ಮೂರನೇ ಅನುಮಾನ ಎದ್ದು ಕೂತಿತು. ನಮ್ಮ ಕರೆಂಟು, ನಮ್ಮ ಕಾಳು, ನಮ್ಮ ಜಾಗ. ಮರಿ ಬೆಳೆಸಿಕೊಂಡು ಹೋಗುವವನು ಇವನು.

ನೀರಿನ ಪಾಠವನ್ನೂ ಹೇಳಿಕೊಟ್ಟ. ನಲ್ಲಿ ನೀರಿನಲ್ಲಿ ಕಾರ್ಪೊರೇಶನ್ನಿನ ಮದ್ದು ಇರುತ್ತದೆ, ಹಿಡಿದು ಒಂದು ರಾತ್ರಿ ಬಾಯಿ ತೆರೆದು ಇಡಬೇಕು, ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಮಾತ್ರ ಬದಲಾಯಿಸಬೇಕು. ನಾನು ಅದನ್ನು ಅಕ್ಷರ ಬಿಡದೆ ಪಾಲಿಸಿದೆ. ಶನಿವಾರ ನೀರು ಹಿಡಿದಿಡುವುದು, ಭಾನುವಾರ ಸ್ನಾನ ಮಾಡಿ ಮಡಿಯಲ್ಲಿ ಹಾಕುವುದು. ದೇವರ ಪಕ್ಕದ ಟ್ಯಾಂಕ್ ತಾನೇ, ಮೈಲಿಗೆ ಆಗಬಾರದು.

ಹದಿನೈದು ದಿನ ಮನೆಗೆ ಜೀವ ಬಂದಿತ್ತು ಶಾಮಲಾ. ತಾತ ಬೆಳಿಗ್ಗೆ ಎದ್ದ ಕೂಡಲೇ ಕುರ್ಚಿಯನ್ನು ಟ್ಯಾಂಕಿನ ಎದುರು ಎಳೆಸಿಕೊಳ್ಳುತ್ತಿದ್ದರು. ಎಡಗೈಯಿಂದ ಬಲಗೈ ಎತ್ತಿ ಗಾಜಿನ ಮೇಲೆ ಇಡುತ್ತಿದ್ದರು. ಮೀನುಗಳು ಬಂದು ಬೆರಳ ತುದಿಗೆ ಮುತ್ತುತ್ತಿದ್ದವು. ಒಂದು ದಿನ ಆ ಬೆರಳು ತಾನಾಗಿ ಅಲ್ಲಾಡಿತು. ನಾನು ಕಣ್ಣಾರೆ ಕಂಡೆ.

ಆಮೇಲೆ ಬಸವನ ಹುಳುಗಳು ಗಾಜಿನಿಂದ ಉದುರಿದವು. ನಾಲ್ಕೂ. ಹೋಗಲಿ, ಹುಳ ತಾನೇ ಅಂದುಕೊಂಡೆ. ಮಂಗಳವಾರ ಒಂದು ಏಂಜಲ್ ಓರೆಯಾಗಿ ತೇಲಿತು. ಮುಂದಿನ ಸೋಮವಾರ ಎರಡು. ತಾತ ಗಾಜಿನ ಮೇಲಿಂದ ಕೈ ತೆಗೆದವರು ಮತ್ತೆ ಇಡಲಿಲ್ಲ.

ಅಣವೀರಪ್ಪ ಸುದ್ದಿ ಕೇಳಿ ಬಂದ, ನೀರು ಮೂಸಿದ, ಬೇರೆ ಮೂರು ಮರಿ ತಂದು ಬಿಟ್ಟ. ಅವೂ ಹೋದವು, ಮೊದಲಿನವುಗಳಲ್ಲಿ ಉಳಿದ ಮೂರೂ ಹೋದವು. ಅವನ ಪಂಪ್ ರೂಮಿನಲ್ಲಿ ಮಾತ್ರ ಎಲ್ಲ ಕೊಬ್ಬಿ ಕುಣಿಯುತ್ತಿದ್ದವು! ನಾನು ಹೋಗಿ ಕಿಟಕಿಯಿಂದ ಇಣುಕಿ ನೋಡಿ ಬಂದೆ. ಅದೇ ನೀರು, ಅದೇ ಬಿಲ್ಡಿಂಗ್, ಅದೇ ತಾಯಿಯ ಮರಿಗಳು. ನನ್ನ ತಲೆಯಲ್ಲಿ ಎಲ್ಲ ಕೂಡಿಕೊಂಡಿತು. ರೋಗದ ಮರಿಗಳನ್ನು ಆರಿಸಿ ನಮಗೆ ಕೊಡುತ್ತಾನೆ, ಒಳ್ಳೆಯವನ್ನು ಇಟ್ಟುಕೊಳ್ಳುತ್ತಾನೆ. ಆಸ್ಕರನ್ನು ಲಪಟಾಯಿಸಿದ್ದೂ ಹಾಗೇ. ಕೈಲಾಗದ ಮನುಷ್ಯನಿಗೆ ಮೋಸ ಮಾಡುತ್ತಿದ್ದಾನೆ.

ಸೀದಾ ಸೆಕ್ರೆಟರಿ ಮನೆಗೆ ಹೋದೆ. ಅವರು ಮರಾಠಿಯವರು, ನನ್ನ ಹಿಂದಿ ನಿನಗೆ ಗೊತ್ತೇ ಇದೆ. ಆದರೂ ಕೋಪಕ್ಕೆ ಭಾಷೆ ಬೇಕಾಗಲಿಲ್ಲ. ನನ್ನದು ಒಂದು ದೂರು. ಅದು ಮೆಟ್ಟಿಲಿಳಿದು ಗೇಟು ಮುಟ್ಟುವ ಹೊತ್ತಿಗೆ ಹತ್ತಾಗಿತ್ತು. ಟಾಂಕಿ ನೀರು ಮೀನಿಗೆ ಹೋಗುತ್ತದೆ ಅಂದರು ಒಬ್ಬರು. ಬೇಕೆಂದೇ ವಾಷರ್ ಸಡಿಲ ಬಿಡುತ್ತಾನೆ ಅಂದರು ಇನ್ನೊಬ್ಬರು. ಭಾನುವಾರ ಹತ್ತು ಗಂಟೆಗೆ ಮೀಟಿಂಗ್, ದೂರು ನಿಜವಾದರೆ ಗಂಡ ಹೆಂಡತಿ ಅದೇ ದಿನ ಪಂಪ್ ರೂಮ್ ಖಾಲಿ ಮಾಡಬೇಕು ಅಂತ ಬೋರ್ಡ್ ಹಾಕಿದರು.

ಶನಿವಾರ ಮಧ್ಯಾಹ್ನ ಅಣವೀರಪ್ಪ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

"ಅವ್ವಾರ, ಒಂದ್ ಮಾತ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನೀರಿಗೆ ಏನರೆ ಹಾಕ್ತೀರೇನ್ರಿ?"

"ಏನು ಹಾಕ್ತೀನಪ್ಪಾ? ವಿಷಾನಾ? ಹಾಕೋದಾಗಿದ್ರೆ ಮೀನಿಗೆ ಯಾಕೆ ಹಾಕ್ಲಿ?"

ಒಳಗೆ ತಾತ ಕೆಮ್ಮಿದರು. ನಕ್ಕರೋ ಏನೋ, ಆಗ ತಿಳಿಯಲಿಲ್ಲ.

"ಮೊದಲ ಹುಳ ಸತ್ತಾವ್ರಿ, ಆಮ್ಯಾಲ ಮೀನ. ರೋಗ ಆಗಿದ್ರ ಮೀನ ಮೊದಲ ಸಾಯಬೇಕಿತ್ತು. ಇದು ರೋಗಲ್ಲ ಅವ್ವಾರ, ಮದ್ದು. ನೀರ ಯಾತರಾಗ ಹಿಡದಿಡ್ತೀರಿ? ಆ ಬಕೇಟ್ ತೋರಸ್ರಿ."

ನಾನು ಅಡುಗೆಮನೆ ಬಾಗಿಲು ಪೂರ್ತಿ ತೆರೆದು ತೋರಿಸಿದೆ. "ಬಕೇಟ್ ಅಲ್ಲ, ನೋಡಿಕೋ ಚೆನ್ನಾಗಿ."

ಅಲ್ಲಿ ನನ್ನ ತಾಮ್ರದ ಹಂಡೆ ಕೂತಿತ್ತು, ಮಾರನೇ ದಿನಕ್ಕೆ ನೀರು ತುಂಬಿಕೊಂಡು. ನಮ್ಮಮ್ಮ ಕೊಟ್ಟ ಹಂಡೆ. ಮದುವೆಯಾಗಿ ಮೈಸೂರಿನಿಂದ ಬರುವಾಗ ಮೂರನೇ ಕ್ಲಾಸಿನಲ್ಲಿ ಸೀಟು ಸಿಗದೆ ಗೋಣಿ ಸುತ್ತಿದ ಈ ಹಂಡೆಯನ್ನೇ ಬೋರಲು ಹಾಕಿ ಗುಂತಕಲ್ಲಿನವರೆಗೂ ಅದರ ಮೇಲೆ ಕೂತು ಬಂದವಳು ನಾನು. ಪ್ಲಾಸ್ಟಿಕ್ ಬಕೇಟಿನ ನೀರು ಮಡಿಗೆ ಬರುತ್ತದೆಯೇ? ಪ್ರತಿ ಶನಿವಾರ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿ, ಅದರಲ್ಲೇ ಮೀನಿನ ನೀರನ್ನೂ ಹಿಡಿದಿಡುತ್ತಿದ್ದೆ. ಹಂಡೆ ಹೊಳೆಯುವುದನ್ನು ಬಿಲ್ಡಿಂಗಿನ ಎಲ್ಲ ಹೆಂಗಸರೂ ಬಂದು ನೋಡಿ ಹೋಗಿದ್ದರು.

ಅಣವೀರಪ್ಪ ಹಂಡೆಯನ್ನು ನೋಡಿದ. ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಮ್ಮೂರಾಗ ದ್ರಾಕ್ಷಿ ತ್ವಾಟದಾಗ ದುಡಿತಿದ್ದೆ ಅವ್ವಾರ. ಗಿಡಕ್ಕ ಮೈಲುತುತ್ತ ಹೊಡಿತಾರ್ರಿ, ನೀಲಿ ಮದ್ದು. ತಾಮ್ರದ ಮದ್ದ ಅದು. ಒಂದಿನ ಗೊತ್ತಿಲ್ದ ಆ ಡಬ್ಬಿ ಬಾವ್ಯಾಗ ತೊಳದೆ. ಮೊದಲ ಹುಳ ಸತ್ತು ಅಡೀಗೆ ಬಿದ್ದುವು. ಮೂರ ದಿನಕ್ಕ ಬಾವಿ ತುಂಬ ಮೀನ ತೇಲಿದ್ವು, ಬೆಳ್ಳಿ ರೊಕ್ಕಾ ಚೆಲ್ಲಿದಂಗ. ಆ ಬಾವಿ ಮುಂದ ಮತ್ತ ನಿಂದ್ರಾಕ ಆಗಲಿಲ್ರಿ, ಊರ ಬಿಟ್ಟೆ. ಅವತ್ತಿಂದ ಇವನ್ನ ಸಾಕೂದು. ಈ ಹಂಡೇದ ತಾಮ್ರಾನೂ ರಾತ್ರಿಯೆಲ್ಲಾ ನೀರಾಗ ಇಳಿತೈತ್ರಿ."

"ನಾವು ಮೂರು ತಲೆಮಾರಿಂದ ಇದೇ ಹಂಡೆ ನೀರು ಕುಡೀತಿದ್ದೀವಲ್ಲೋ! ನಮಗೇನಾಗಿದೆ?"

"ನೀವು ಮೀನ ಅಲ್ರಲ್ಲ ಅವ್ವಾರ."

ನನಗೆ ನಂಬಿಕೆ ಬರಲಿಲ್ಲ. ತಪ್ಪನ್ನು ನನ್ನ ಹಂಡೆಯ ತಲೆಗೆ ಕಟ್ಟಿ ಪಾರಾಗುವ ಉಪಾಯ ಅಂದುಕೊಂಡೆ. ಅವನೇ ಒಂದು ದಾರಿ ಹೇಳಿದ. ಎರಡು ಬಾಟಲಿ, ಒಂದರಲ್ಲಿ ಹಂಡೆಯ ನೀರು, ಇನ್ನೊಂದರಲ್ಲಿ ಅವನ ಬಕೇಟಿನ ನೀರು, ಒಂದೊಂದರಲ್ಲೂ ಮೂರು ಬಸವನ ಹುಳು. ಬೆಳಗಿನವರೆಗೆ ಕಾಯೋಣ ಅಂದ.

ಆಗಲಿ ಅಂದೆ. ಆದರೆ ಬಾಟಲಿ ನನ್ನವು, ಹಾರ್ಲಿಕ್ಸಿನವು, ನಾನೇ ತೊಳೆದವು. ಹುಳುಗಳನ್ನೂ ನಾನೇ ಆರಿಸಿದೆ, ಅವನ ಟ್ಯಾಂಕಿನ ಎದುರು ನಿಂತು, ಬದನೆಕಾಯಿ ಆರಿಸುವ ಹಾಗೆ. ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ, ಗಂಟಿಗೆ ಕುಂಕುಮದ ಬೊಟ್ಟಿಟ್ಟೆ, ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಅಂತ. ಎರಡನ್ನೂ ನನ್ನ ಗೋದ್ರೇಜ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಗಬೇಡ, ಬರಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಬೀರು ತೆಗೆದೆ. ಬಕೇಟಿನ ನೀರಿನ ಮೂರು ಹುಳುಗಳು ಬಾಟಲಿಯ ಕುತ್ತಿಗೆಯವರೆಗೆ ಹತ್ತಿ, ಬಟ್ಟೆಗೆ ಮೂತಿ ಹಚ್ಚಿ ಕೂತಿದ್ದವು. ಹಂಡೆಯ ನೀರಿನವು ಮೂರೂ ತಳದಲ್ಲಿ ಚಿಪ್ಪಿನ ಬಾಗಿಲು ಮುಚ್ಚಿಕೊಂಡು ಬಿದ್ದಿದ್ದವು. ಅಲ್ಲಾಡಿಸಿದೆ, ಕಲ್ಲಿನ ಹಾಗೆ ಉರುಳಿದವು. ಕುಂಕುಮ ನೋಡಿದೆ. ಅಳಿಸಿರಲಿಲ್ಲ. ಬೀಗ ನೋಡಿದೆ. ಅನುಮಾನ ಪಡುವುದಕ್ಕೆ ಆ ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

ತಾತನಿಗೆ ಎರಡೂ ಬಾಟಲಿ ತೋರಿಸಿದೆ. ಅವರು ನೋಡಿದರು, ನನ್ನ ಮುಖ ನೋಡಿದರು, ಕಷ್ಟಪಟ್ಟು ಬಾಯಿ ತಿರುಗಿಸಿ "ಹಂ...ಡೆ" ಅಂದರು. ಸ್ಟ್ರೋಕ್ ಆದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ಅಳಬೇಕೋ ನಗಬೇಕೋ ತಿಳಿಯಲಿಲ್ಲ ನನಗೆ.

ಹತ್ತು ಗಂಟೆಗೆ ಕೆಳಗೆ ಹೋದೆ. ಹದಿನಾರು ಮನೆಯವರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಣವೀರಪ್ಪ, ಭಾಗವ್ವ ಮೀಟರ್ ಬಾಕ್ಸಿನ ಹತ್ತಿರ ನಿಂತಿದ್ದರು. ಭಾಗವ್ವ ಪಾತ್ರೆ ಪಡಗ ಗಂಟು ಕಟ್ಟಿಯೇ ಬಂದಿದ್ದಳು. ಏನಾಯಿತು ಹೇಳಿ ಅಂತ ಸೆಕ್ರೆಟರಿ ಮರಾಠಿಯಲ್ಲಿ ಕೇಳಿದರು, "ಬೋಲಾ ಆಜಿ, ಕಾಯ್ ಝಾಲ?"

ಎದ್ದು ನಿಂತೆ. ಹಂಡೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮುಂದಿನ ಸಾಲಿನಲ್ಲಿ ಆ ಹಂಡೆಯನ್ನು ನೋಡಿ ಹೊಗಳಿದ ಹೆಂಗಸರೆಲ್ಲ ಕೂತಿದ್ದರು. "ಶಿಕಾಯತ್ ವಾಪಸ್," ಅಂದೆ. "ಮಚ್ಛಲಿ ಅಪ್ನೇ ಆಪ್ ಮರ್ ಗಯಾ."

ಅಷ್ಟೇ. ದೂರು ವಾಪಸ್, ಮೀನು ತಾವಾಗಿ ಸತ್ತವು, ಅಷ್ಟು ಹೇಳಿ ಕೂತುಬಿಟ್ಟೆ.

ಅಣವೀರಪ್ಪ ನನ್ನನ್ನೇ ನೋಡುತ್ತಿದ್ದ. ಇನ್ನೊಂದು ವಾಕ್ಯ ಬರುತ್ತದೆ ಅಂತ ಕಾದ. ಬರಲಿಲ್ಲ. ಕೆಲಸ ಉಳಿಯಿತು, ಆದರೆ ಹೆಸರು ಉಳಿಯಲಿಲ್ಲ ಶಾಮಲಾ. ಮುದುಕಿ ಕನಿಕರಪಟ್ಟು ಬಿಟ್ಟುಕೊಟ್ಟಳು ಅಂತ ಎಲ್ಲರೂ ತಿಳಿದರು. ಇನ್ನು ಮೇಲೆ ಪಂಪ್ ರೂಮಿನಲ್ಲಿ ಮೀನು ಇಡಕೂಡದು ಅಂತ ಕಮಿಟಿ ಬರೆದುಕೊಂಡಿತು.

ಅದೇ ಸಂಜೆ ಅವನು ಪ್ಲಾಸ್ಟಿಕ್ ಚೀಲದಲ್ಲಿ ಆರು ಏಂಜಲ್ ತಂದ. ಟ್ಯಾಂಕ್ ಪೂರ್ತಿ ತೊಳೆದು ತಾನೇ ನೀರು ತುಂಬಿಸಿದ. "ಬಕೇಟಿನ ನೀರ ಅವ್ವಾರ," ಅಂದ. ಆ ಆರರಲ್ಲಿ ಎರಡು ಜೋಡಿಯಾದವು, ಕಲ್ಲಿನ ಮೇಲೆ ತತ್ತಿ ಇಟ್ಟವು, ಬೀಸಣಿಗೆಯ ಹಾಗೆ ರೆಕ್ಕೆ ಬೀಸುತ್ತ ಕಾದವು. ಉಳಿದ ನಾಲ್ಕನ್ನು ವಾಪಸ್ ಕೊಡಲು ಕೆಳಗೆ ಹೋದೆ. "ಎಲ್ಲಿಡ್ಲಿ ಅವ್ವಾರ?" ಅಂದ. ಕೊನೆಗೆ ನಾಣಿ ಅವನ್ನು ಯಾರೋ ಆಫೀಸಿನವರಿಗೆ ಕೊಟ್ಟ.

ತಾತ ಎರಡು ವರ್ಷ ಆ ಜೋಡಿಯ ಎದುರು ಕೂತಿದ್ದರು. ಬಲಗೈಯ ಮೂರು ಬೆರಳು ಬಂದವು. ಅವರು ಹೋದ ದಿನ ಮೀನಿಗೆ ಕಾಳು ಹಾಕಿದವನು ಅಣವೀರಪ್ಪ, ನಮ್ಮ ಯಾರಿಗೂ ನೆನಪಿರಲಿಲ್ಲ. ಮಾರನೇ ವರ್ಷ ಅವನೂ ಭಾಗವ್ವನೂ ಇಲ್ಲಿಂದ ಹೋದರು. ಈಗ ಆಂಟಾಪ್ ಹಿಲ್‌ನಲ್ಲಿ ಮಗಳು ಮಲ್ಲವ್ವನ ಮನೆಯಲ್ಲಿದ್ದಾರೆ. ಬಾಲ್ಕನಿಯಲ್ಲಿ ನಾಲ್ಕು ಟ್ಯಾಂಕ್ ಇಟ್ಟಿದ್ದಾನಂತೆ. ಹೋಗಿಬರುವವರನ್ನು ಕೇಳುತ್ತಲೇ ಇರುತ್ತೇನೆ. ನಾನು ಮಾತ್ರ ಹೋಗಿಲ್ಲ.

ಬರೆದೆಯಾ? ಹಂಡೆಯ ವಿಷಯ ಪೂರ್ತಿ ಬಂತಾ? ಸರಿ, ಇದನ್ನೇ ಇನ್ನೊಂದು ಹಾಳೆಯಲ್ಲಿ ಹಿಂದಿಯಲ್ಲಿ ಚಿಕ್ಕದಾಗಿ ಬರೆದುಕೊಡು, ಕೆಳಗೆ ಸುಬ್ಬಲಕ್ಷ್ಮಿ ಅಂತ ನಾನೇ ಸೈನ್ ಹಾಕುತ್ತೇನೆ. ಕೆಳಗಿನ ಬೋರ್ಡಿಗೆ ಪಿನ್ ಚುಚ್ಚುವ ಕೆಲಸವೂ ನನ್ನದೇ. ಎರಡನೇ ಮಹಡಿಯವಳು ತರಕಾರಿಗೆ ಇಳಿಯುವ ಮುಂಚೆ ಆಗಬೇಕು.

ನೀನು ಈ ಕನ್ನಡದ ಕಾಗದ ತೆಗೆದುಕೊಂಡು ಹೊರಡು. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿ. ಮಲ್ಲವ್ವನ ಮನೆ ಯಾವುದು ಅಂತ ಅಲ್ಲಿ ಯಾವ ಕನ್ನಡದವರನ್ನು ಕೇಳಿದರೂ ತೋರಿಸುತ್ತಾರೆ. ಮೊದಲು ಅವನನ್ನು ಕೂರಿಸಿ ಇದನ್ನು ಗಟ್ಟಿಯಾಗಿ ಓದು, ಭಾಗವ್ವನೂ ಕೇಳಲಿ. ಆಮೇಲೆ ಕೇಳು, ಹೊಸಬಳು, ಮೊದಲನೇ ಸಲ ಸಾಕುವವಳು, ಆರು ಏಂಜಲ್ ಕೊಡುತ್ತೀರಾ ಅಂತ. ಕೊಟ್ಟರೆ ಎಣಿಸಿಕೊಂಡು, ರೆಕ್ಕೆ ಎಲ್ಲ ನೋಡಿ... ಬೇಡ, ಎಣಿಸಬೇಡ, ನೋಡಲೂ ಬೇಡ. ಅವನು ಕೊಟ್ಟಷ್ಟು ತೆಗೆದುಕೊಂಡು ಬಾ. ಅಡುಗೆ ಕಟ್ಟೆಯ ಮೇಲಿರುವ ಆ ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು ಹೋಗು. ತಾಮ್ರದ ಚೊಂಬಿಗೆ ಕೈ ಹಾಕಬೇಡ.